ಹೆಸರು ಹೇಳದ ಸಹೋದರಿ

ಗಂಟು ಕೈಗೆ ಸಿಕ್ಕಿದ್ದು ಸ್ನಾನ ಮಾಡುವಾಗ. ಎಡಗಡೆ, ಕಂಕುಳಿನ ಹತ್ತಿರ. ಅವರೆಕಾಳಿನಷ್ಟಿತ್ತು. ಒತ್ತಿದರೆ ನೋವಿಲ್ಲ. ನೋವಿಲ್ಲದ್ದು ರೋಗವಲ್ಲ ಎಂದುಕೊಂಡು ಮೈ ಒರೆಸಿಕೊಂಡು ಬಂದೆ.

ಶೀಲಾ, ಅಭಿ, ಇದನ್ನು ನಿಮಗೆಂದೇ ಬರೆಯುತ್ತಿದ್ದೇನೆ. ಆ ಭಾನುವಾರ ನಾನು ಚರ್ಚಿನ ಸಭೆಯಲ್ಲಿ ಎದ್ದು ನಿಂತಾಗ ನೀವಿಬ್ಬರೂ ನನ್ನ ಬೆಂಚಿನಲ್ಲೇ ಕೂತಿದ್ದಿರಿ. ಮನೆಗೆ ಬಂದ ಮೇಲೆ ಶೀಲಾ ಕೇಳಿದಳು, "ಅಜ್ಜಿ, ಅಷ್ಟು ಜನದ ಮುಂದೆ ನೀನು ಹೆಂಗೆ ಮಾತಾಡ್ದೆ?" ಬರೆದುಕೊಡುತ್ತೇನೆ ಎಂದೆ. ಹಳ್ಳಿ ಶಾಲೆಯಲ್ಲಿ ಏಳನೇ ತರಗತಿಯವರೆಗೆ ಓದಿದವಳು ನಾನು. ಮಾತಿಗಿಂತ ಬರೆಯುವುದೇ ನನಗೆ ಸಲೀಸು.

ಅವರೆಕಾಯಿ ಕಾಲ ಮುಗಿಯಿತು. ಹುಣಸೆ ಬಡಿಯುವ ಕಾಲ ಬಂತು. ಗಂಟು ಹೋಗಲಿಲ್ಲ. ನಿಂಬೆಕಾಯಿಯಷ್ಟಾಯಿತು. ನಿಮ್ಮ ತಾತ ಇದ್ದಿದ್ದರೆ ಅವರಿಗೆ ಹೇಳುತ್ತಿದ್ದೆನೋ ಏನೋ. ನನ್ನ ಪರವಾಗಿ ಅಂಗಡಿಯಲ್ಲಿ, ಬಸ್ಸಿನಲ್ಲಿ, ಸಭೆಯಲ್ಲಿ ಎಲ್ಲ ಕಡೆ ಅವರೇ ಮಾತಾಡುತ್ತಿದ್ದರು. ಅವರು ಹೋದ ಮೇಲೆ ನಾನು ಮಾತನ್ನೇ ಕಡಿಮೆ ಮಾಡಿಕೊಂಡೆ. ಕೊನೆಗೆ ಕಂಡುಹಿಡಿದವಳು ನಿಮ್ಮ ಅಮ್ಮ ಲೀಲಾ. ನೀರಿನ ಕೊಡ ಎತ್ತುವಾಗ ನಾನು ಎಡಗೈ ಬಳಸದೆ ಇದ್ದದ್ದು ಅವಳ ಕಣ್ಣಿಗೆ ಬಿತ್ತು. ಬಾಗಿಲು ಹಾಕಿಕೊಂಡು ನೋಡಿದಳು. ಮರುದಿನ ಬೆಳಿಗ್ಗೆ ನನ್ನನ್ನು ಅರಕಲಗೂಡಿನಿಂದ ಹಾಸನದ ಬಸ್ಸು ಹತ್ತಿಸಿದಳು.

ಮ್ಯಾಮೊಗ್ರಾಂ ಅಂದರು. ಬಯಾಪ್ಸಿ ಅಂದರು. ಮುಂದಿನ ವಾರ ಬನ್ನಿ ಅಂದರು. ಹೋದೆವು.

ಕ್ಯಾನ್ಸರ್.

ಡಾಕ್ಟರ್ ಚಿಕ್ಕ ಹುಡುಗಿ. "ಯಾವಾಗಿಂದ ಇತ್ತು, ಅಜ್ಜಿ?" ಅಂದಳು.

"ಅವರೆಕಾಯಿ ಬಂದಾಗ್ಲಿಂದ ಕಣಮ್ಮ."

"ಯಾರಿಗೂ ಹೇಳಲಿಲ್ವಾ?"

"ಎಂಗೆ ಏಳಾದು. ಜಾಗ ಅಂತಾದ್ದು."

ಆಕೆ ಪೆನ್ನು ಕೆಳಗಿಟ್ಟಳು. "ಕೈ ಕಾಲು ಇದ್ದ ಹಾಗೇ ಅದೂನೂ, ಅಜ್ಜಿ. ಆಪರೇಷನ್ ಮಾಡಿ ಆ ಕಡೆಯದನ್ನ ತೆಗೀಬೇಕು. ಈಗಲೇ ಮಾಡಿದ್ರೆ ನನಗೆ ಧೈರ್ಯ ಇದೆ. ತಡ ಮಾಡಿದ್ರೆ ಇಲ್ಲ."

ಈಸ್ಟರ್ ಹಬ್ಬ ಆಗಲಿ ಎಂದೆ. ಹಬ್ಬ ಬರೀ ನೆಪ. ಆಪರೇಷನ್ ಆದರೆ ಊರಿಗೆಲ್ಲ ಗೊತ್ತಾಗುತ್ತದೆ, ಗಂಡಸರೆಲ್ಲ ನನ್ನನ್ನು ಕಂಡಾಗ ಆ ಜಾಗವನ್ನೇ ನೆನೆಯುತ್ತಾರೆ ಎಂಬ ಅಂಜಿಕೆ ನನಗೆ ಸಾವಿನ ಅಂಜಿಕೆಗಿಂತ ದೊಡ್ಡದಾಗಿತ್ತು. ಈಗ ಬರೆಯುವಾಗ ಇದು ದಡ್ಡತನ ಅನಿಸುತ್ತದೆ. ಆಗ ಅನಿಸಿರಲಿಲ್ಲ.

ನಮ್ಮ ಪ್ರೆಸ್ಬಿಟೇರಿಯನ್ ಸಭೆ ನಿಮಗೆ ಗೊತ್ತೇ ಇದೆ. ಚಿಕ್ಕದು. ಒಬ್ಬರ ಮನೆಯಲ್ಲಿ ಒಗ್ಗರಣೆ ಹಾಕಿದರೆ ಇನ್ನೊಬ್ಬರ ಮನೆಯಲ್ಲಿ ಸೀನುತ್ತಾರೆ. ಭಾನುವಾರ ಆರಾಧನೆಯ ನಡುವೆ ಸಭೆಯ ಹಿರಿಯರಾದ ಯೋಹಾನಪ್ಪನವರು ಎದ್ದು ಪ್ರಕಟಣೆ ಓದುತ್ತಾರೆ. ಯಾರಿಗೆ ಮಗು ಹುಟ್ಟಿತು, ಯಾರ ಮದುವೆಯ ಮಾತು ಆಯಿತು, ಯಾರ ಹಸು ಕಳೆದಿದೆ, ಎಲ್ಲ. ಆಮೇಲೆ ಪ್ರಾರ್ಥನೆಯ ವಿಜ್ಞಾಪನೆಗಳು, ಹೆಸರು ಸಮೇತ. ಲೀಲಾ ನನ್ನ ಹೆಸರು ಕೊಡುತ್ತೇನೆಂದಳು. "ಕೊಟ್ರೆ ನಾನು ಸಭೆಗೇ ಬರಾಕಿಲ್ಲ" ಎಂದೆ. ಅವಳು ಅಯ್ಯನವರ ಹತ್ತಿರ ಹೋಗಿ, ಹೆಸರು ಮಾತ್ರ ಬೇಡ ಎಂದು ಹೇಳಿ ಬಂದಳು. ಅಯ್ಯನವರೆಂದರೆ ನಮ್ಮ ಪಾಸ್ಟರು. ಕೊಟ್ಟ ಮಾತು ಉಳಿಸಿಕೊಳ್ಳುವವರು. ಯೋಹಾನಪ್ಪನವರಿಗೂ ಹೆಸರು ಹೇಳದೆ ಚೀಟಿ ಬರೆದುಕೊಟ್ಟಿದ್ದರು. ಅವರು ಅದನ್ನು ಓದಿದರು.

"ನಮ್ಮ ಸಭೆಯ ಒಬ್ಬ ಸಹೋದರಿ, ವಿಧವೆ, ಚಿಕಿತ್ಸೆಗೆ ಹಾಸನಕ್ಕೆ ಹೋಗಿ ಬರುತ್ತಿದ್ದಾರೆ. ಕಾಯಿಲೆ ಗಂಭೀರವಾದದ್ದು. ಹೆಸರು ಕರ್ತನಿಗೆ ಗೊತ್ತು."

ಹೆಂಗಸರ ಬೆಂಚುಗಳಲ್ಲಿ ಎಲ್ಲ ತಲೆಗಳೂ ತಿರುಗಿದವು. ನನ್ನ ಕಡೆಗಲ್ಲ. ಜ್ಞಾನಮ್ಮನ ಕಡೆಗೆ.

ಜ್ಞಾನಮ್ಮ ನನಗಿಂತ ಸ್ವಲ್ಪ ಚಿಕ್ಕವಳು. ನಮ್ಮ ಬೀದಿಯವಳೇ. ಅವಳೂ ವಿಧವೆ, ಅವಳೂ ಹಾಸನಕ್ಕೆ ಹೋಗಿ ಬರುತ್ತಿದ್ದಳು. ಅವಳು ಹೋಗುತ್ತಿದ್ದದ್ದು ಹಲ್ಲು ಕೀಳಿಸಲು. ಇದ್ದ ಹಲ್ಲೆಲ್ಲ ತೆಗೆಸಿ ಸೆಟ್ಟು ಹಾಕಿಸುವವಳಿದ್ದಳು. ಬೊಚ್ಚುಬಾಯಿ ಕಾಣಬಾರದೆಂದು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಯಾರೊಡನೆಯೂ ಮಾತಾಡದೆ ಓಡಾಡುತ್ತಿದ್ದಳು. ಅಗಿಯಲಾಗದೆ ಇಳಿದೂ ಹೋಗಿದ್ದಳು. ಸಭೆಗೆ ಇಷ್ಟು ಸಾಕಾಯಿತು.

ಅಂದು ಸಂಜೆಯಿಂದಲೇ ಅವಳ ಮನೆಗೆ ಕೋಳಿ ಸಾರು, ಗಂಜಿ, ಬೇಯಿಸಿದ ಮೊಟ್ಟೆ. ಸ್ತ್ರೀಯರ ಕೂಟದವರು ಸರದಿ ಹಾಕಿಕೊಂಡರು. ಅಗಿಯಲಾಗದವಳಿಗೆ ಸಾರು ಬಂದರೆ ಬೇಡವೆನ್ನುತ್ತಾಳೆಯೇ. ಮೊದಲು ಅವಳಿಗೆ ಖುಷಿಯೇ ಆಯಿತು. ಆಮೇಲೆ ಬಂದವರು ಕೈ ಹಿಡಿದು ಅಳತೊಡಗಿದರು. ನಮ್ಮ ಅಯ್ಯನವರು ತಿಂಗಳಿಗೊಂದು ಭಾನುವಾರ ಹೊಳೆನರಸೀಪುರದ ಸಭೆಗೂ ಹೋಗುತ್ತಾರೆ. ಅಲ್ಲಿಗೂ ಸುದ್ದಿ ಮುಟ್ಟಿ ಅಲ್ಲಿಂದ ಯಾರೋ ಫೋನಿನಲ್ಲಿ ಅವಳಿಗಾಗಿ ಪ್ರಾರ್ಥನೆ ಮಾಡಿದರು. ಯೋಹಾನಪ್ಪನವರು ಮನೆಗೇ ಬಂದು, ಮನೆಯನ್ನು ಯಾರ ಹೆಸರಿಗೆ ಮಾಡಿದ್ದೀಯಮ್ಮ ಎಂದು ಮೆಲ್ಲಗೆ ವಿಚಾರಿಸಿದರು.

ನಾನು ಎಲ್ಲ ಕೇಳಿಸಿಕೊಳ್ಳುತ್ತಿದ್ದೆ. ಸುಮ್ಮನಿದ್ದೆ.

ಒಂದು ಮಧ್ಯಾಹ್ನ ಜ್ಞಾನಮ್ಮ ನಮ್ಮ ಹಿತ್ತಿಲಿಗೆ ಬಂದು ಕೂತಳು. ನಾನು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದೆ. ಅವಳು ಬಾಯಿಂದ ಸೆರಗು ತೆಗೆದಳು.

"ಸಾರಕ್ಕ, ನಂಗೇನೋ ಆಗೈತೆ ಕಣಕ್ಕ. ಎಲ್ರಿಗೂ ಗೊತ್ತು. ನಂಗೊಬ್ಳಿಗೆ ಏಳ್ತಿಲ್ಲ."

"ಏನಾಗೈತೆ ನಿಂಗೆ. ಅಲ್ಲು ಕೀಳ್ಸಿದ್ದು ತಾನೆ."

"ಅಲ್ಲು ಕೀಳ್ಸಿದ್ದಕ್ಕೆ ಯಾರಾದ್ರೂ ಅಳ್ತಾರಾ? ಎಕ್ಸ್‌ರೇ ತಗುದ್ರಲ್ಲ, ಅದ್ರಲ್ಲಿ ಏನೋ ಕಂಡೈತೆ. ಡಾಕ್ಟ್ರು ಅಯ್ಯನೋರಿಗೆ ಏಳವ್ರೆ. ಊಟ ಗಂಟ್ಲಲ್ಲಿ ಇಳೀತಿಲ್ಲ ಕಣಕ್ಕ. ಮಗ್ಳಿಗೆ ಇನ್ನೂ ಬಾಣಂತನ ಮಾಡ್ಬೇಕು ನಾನು."

ನನ್ನ ಕಾಯಿಲೆಯನ್ನು ನಾನು ಬಚ್ಚಿಟ್ಟರೆ ಅದು ನನ್ನ ಹತ್ತಿರವೇ ಇರುತ್ತದೆ ಎಂದುಕೊಂಡಿದ್ದೆ. ಅದು ಹೋಗಿ ಇವಳ ಎದೆಯ ಮೇಲೆ ಕೂತಿತ್ತು.

"ಆ ಸಹೋದರಿ ನಾನು ಕಣೆ" ಎಂದೆ.

ಅವಳಿಗೆ ಅರ್ಥವಾಗಲಿಲ್ಲ. ಅವಳ ಕೈಯನ್ನು ತೆಗೆದುಕೊಂಡು ಗಂಟಿನ ಮೇಲೆ ಇಟ್ಟೆ. ಅವಳ ಬೆರಳು ಗಂಟಿನ ಸುತ್ತ ಆಡಿತು. ಆಮೇಲೆ ಅಂದಳು, "ಅಯ್ಯೋ ಪಾಪಿ, ನಿನ್ ಪಾಲಿನ್ ಕೋಳಿ ಸಾರ್ನೆಲ್ಲ ನಾನು ಕುಡುದ್ಬುಟ್ನಲ್ಲಕ್ಕ."

ಇಬ್ಬರೂ ನಕ್ಕೆವು. ನಕ್ಕು ಅತ್ತೆವು. ಹೊರಡುವಾಗ ಅವಳು ಬಾಗಿಲಲ್ಲಿ ನಿಂತಳು.

"ನಿಂಗೆ ನಾಚ್ಕೆ ಆದ್ರೆ ಯಾರ್ಗೂ ಏಳಾಕೋಗ್ಬ್ಯಾಡ. ನೀನು ಉಸಾರಾಗೋಗಂಟ ನಾನೇ ರೋಗಿಯಾಗಿರ್ತೀನಿ. ಅತ್ರೆ ಅಳ್ಲಿ ಬುಡು."

ತಮಾಷೆಗೆ ಹೇಳಿದ್ದಲ್ಲ. ನಿಜಕ್ಕೂ ಹಾಗೆ ಇದ್ದುಬಿಡುತ್ತಿದ್ದಳು. ಅವಳು ಹೋದ ಮೇಲೆ ಬೀಜ ಬಿಡಿಸುವುದನ್ನು ನಿಲ್ಲಿಸಿ ಕೂತೆ. ಒಬ್ಬಳು ನನ್ನ ಸಾವನ್ನು ಹೊತ್ತುಕೊಳ್ಳಲು ತಯಾರಿದ್ದಾಳೆ. ನಾನು ಒಂದು ಮಾತನ್ನು ಹೊತ್ತುಕೊಳ್ಳಲಾರೆನೇ? ಲೀಲಾ ಕೆಲಸದಿಂದ ಬಂದ ಕೂಡಲೇ ಹೇಳಿದೆ. ಆಸ್ಪತ್ರೆಗೆ ಫೋನ್ ಮಾಡು. ಹಬ್ಬದವರೆಗೆ ಕಾಯುವುದಿಲ್ಲ.

ಆ ಭಾನುವಾರ ಪ್ರಕಟಣೆ ಮುಗಿದು ವಿಜ್ಞಾಪನೆ ಶುರುವಾಯಿತು. ಯೋಹಾನಪ್ಪನವರು ಅದೇ ಸಾಲನ್ನು ಓದಿದರು. ನಾನು ಎದ್ದೆ. ಮೊಣಕಾಲು ಮುಂದಿನ ಬೆಂಚಿಗೆ ತಾಕಿ ಸದ್ದಾಯಿತು. ಗಂಡಸರ ಕಡೆಯಿಂದಲೂ ಎಲ್ಲರೂ ತಿರುಗಿದರು. ಹೇಳಬೇಕೆಂದು ಕಲಿತು ಬಂದದ್ದೆಲ್ಲ ಮರೆತುಹೋಯಿತು.

"ಆ ಸಹೋದರಿ ಜ್ಞಾನಮ್ಮ ಅಲ್ಲ. ನಾನು. ನನಗೆ ಎದೆ ಕ್ಯಾನ್ಸರ್. ಬುಧವಾರ ಆಪರೇಷನ್. ಒಂದು ಕಡೆಯದನ್ನು ತೆಗೆಯುತ್ತಾರೆ. ಜ್ಞಾನಮ್ಮನಿಗೆ ಏನೂ ಆಗಿಲ್ಲ."

ಇಷ್ಟೇ. ಕೂತೆ. ಶೀಲಾ, ನೀನು ನನ್ನ ಕೈ ಹಿಡಿದುಕೊಂಡೆ. ನಿನಗೆ ನೆನಪಿದೆಯೋ ಇಲ್ಲವೋ.

ಯಾರೂ ನಗಲಿಲ್ಲ. ಯಾರೂ ಕಣ್ಣು ತಿರುಗಿಸಲಿಲ್ಲ. ಯೋಹಾನಪ್ಪನವರು ಕನ್ನಡಕ ತೆಗೆದು ಒರೆಸಿ, ಚೀಟಿಯಲ್ಲಿದ್ದದ್ದನ್ನು ತಿದ್ದಿ ಮತ್ತೆ ಓದಿದರು. "ನಮ್ಮ ಸಹೋದರಿ ಸಾರಮ್ಮನವರಿಗಾಗಿ." ನನ್ನ ಹೆಸರು ಅಷ್ಟು ಗಟ್ಟಿಯಾಗಿ ಕೇಳಿದ್ದು ನನ್ನ ಮದುವೆಯ ದಿನ, ಆಮೇಲೆ ಅವತ್ತು. ಹೊರಗೆ ಬಂದಾಗ ಅವರೇ ಜ್ಞಾನಮ್ಮನ ಹತ್ತಿರ ಹೋಗಿ ತಪ್ಪಾಯ್ತಮ್ಮ ಅಂದರು.

"ತಪ್ಪೇನಿಲ್ಲ ಸಾ" ಅಂದಳು ಅವಳು. "ನಾನು ಸತ್ರೆ ಯಾರ್ಯಾರು ಅಳ್ತಾರೆ ಅಂತ ಗೊತ್ತಾಯ್ತು. ನೀವು ಸ್ವಲ್ಪ ಕಮ್ಮಿನೇ ಅತ್ರಿ."

ಆಪರೇಷನ್ ಆಯಿತು. ಪಕ್ಕದಲ್ಲಿ ಗಾಯದ ನೀರಿಳಿಯಲು ಒಂದು ಡ್ರೈನ್ ಟ್ಯೂಬು, ಅದಕ್ಕೊಂದು ಬಾಟಲಿ. ಹಗಲು ವಾರ್ಡಿನಲ್ಲಿ ನನ್ನ ಜೊತೆ ಕೂರಲು ಬರುತ್ತಿದ್ದವಳು ಜ್ಞಾನಮ್ಮ. ಮೊದಲ ಸಲ ಡ್ರೆಸ್ಸಿಂಗ್ ಬಿಚ್ಚಿದಾಗ ನಾನು ಗೋಡೆ ನೋಡುತ್ತಿದ್ದೆ. ಅವಳು ಗಾಯವನ್ನು ನೋಡಿ, "ಒಲಿಗೆ ಚೆನ್ನಾಗ್ ಬಂದೈತೆ ಕಣಕ್ಕ" ಅಂದಳು. ಆಗ ನಾನೂ ನೋಡಿದೆ. ಸಪಾಟಾದ ಜಾಗ. ನನ್ನದೇ.

ಕೀಮೋ ಕಷ್ಟವಾಗಿತ್ತು. ಅದರ ಬಗ್ಗೆ ಸುಳ್ಳು ಹೇಳುವುದಿಲ್ಲ. ಬಾಯೆಲ್ಲ ಹುಣ್ಣು. ನೀರೂ ಕಬ್ಬಿಣದ ರುಚಿ. ಒಗ್ಗರಣೆ ವಾಸನೆಗೆ ವಾಂತಿ. ಇನ್ನು ಬೇಡ, ಸಾಕು ಎಂದು ನಿಮ್ಮ ಅಪ್ಪನ ಹತ್ತಿರ ಒಮ್ಮೆ ಹೇಳಿದೆ. ಅವನು ಚಪ್ಪಲಿ ತಂದು ನನ್ನ ಕಾಲ ಹತ್ತಿರ ಇಟ್ಟು, ಬಸ್ಸಿಗೆ ಹೊತ್ತಾಯಿತವ್ವ ಅಂದ. ಹೋದೆ. ಆಮೇಲೆ ಪ್ರತಿ ಸಲವೂ ನಾನೇ ಚಪ್ಪಲಿ ಹಾಕಿಕೊಂಡೆ.

ಈಗ ಕೀಮೋ ಮುಗಿದಿದೆ. ಮೂರು ತಿಂಗಳಿಗೊಮ್ಮೆ ಚೆಕಪ್. ಪೂರ್ತಿ ವಾಸಿಯಾಯಿತು ಎಂದು ಡಾಕ್ಟರ್ ಹೇಳುವುದಿಲ್ಲ, ನಾನೂ ಕೇಳುವುದಿಲ್ಲ. ಇಲ್ಲಿಯವರೆಗೆ ತಂದ ಕರ್ತನಿಗೆ ಸ್ತೋತ್ರ. ಶೀಲಾ, ನೀನು ದೊಡ್ಡವಳಾಗುತ್ತಿದ್ದೀಯೆ. ಮೈಯಲ್ಲಿ ಏನು ಕಂಡರೂ, ಎಲ್ಲಿ ಕಂಡರೂ, ಅದೇ ದಿನ ನಿನ್ನ ಅಮ್ಮನಿಗೆ ಹೇಳು. ಜಾಗದ ಹೆಸರು ಹಿಡಿದೇ ಹೇಳು. ಅಭಿ, ನೀನೂ ಅಷ್ಟೇ.

ಹೋದ ಭಾನುವಾರ ತಿರುಗಿ ಆರಾಧನೆಗೆ ಹೋದೆ. ನಮ್ಮ ಸಭೆಯಲ್ಲಿ ಹೆಂಗಸರೆಲ್ಲ ತಲೆಗೆ ಸೆರಗು ಹೊದ್ದು ಕೂರುವುದರಿಂದ ನನ್ನ ಬೋಳುತಲೆ ಯಾರಿಗೂ ಕಾಣಲಿಲ್ಲ. ಆರಾಧನೆ ಮುಗಿದು ಅಂಗಳಕ್ಕೆ ಬಂದಾಗ ಬಿಸಿಲು ಜೋರಾಗಿತ್ತು, ಗಾಳಿಯೂ ಇತ್ತು. ಎಲ್ಲರ ಜೊತೆ ಮಾತಾಡುತ್ತಿದ್ದಾಗ ಸೆರಗು ಜಾರಿ ಭುಜಕ್ಕೆ ಬಿತ್ತು. ಯೋಹಾನಪ್ಪನವರು ಎದುರಿಗೇ ಇದ್ದರು.

"ಸಾರಕ್ಕ, ಸೆರ್ಗು" ಅಂದಳು ಜ್ಞಾನಮ್ಮ.

"ಇರ್ಲಿ ಬುಡೆ, ಗಾಳಿ ಆಡ್ಲಿ" ಎಂದು ನಾನು ಹೇಳುತ್ತಿದ್ದ ಮಾತನ್ನು ಮುಂದುವರಿಸಿದೆ.