ಗೋಡೆಯಾಚೆಯಿಂದ ಜಗ್ಗಿದವರು

ಹಿತ್ತಲ ಗೋಡೆಯ ಕಿಂಡಿಯಲ್ಲಿ ಸಿಕ್ಕಿಕೊಂಡ ಬಳ್ಳಿಯನ್ನು ನಾನು ಜಗ್ಗಿದರೆ, ಆಚೆಯಿಂದ ಯಾರೋ ಅದನ್ನು ವಾಪಸ್ ಜಗ್ಗಿದರು. ಬಿಡುವವಳೇ ನಾನು? ಮತ್ತೆ ಜಗ್ಗಿದೆ. ಮಳೆ ಹಿಡಿದಾಗಿನಿಂದ ಕೀಳದೆ ಬಿಟ್ಟ ಕಸ ಬೆಳೆದು ಆ ಕಿಂಡಿ ಕಟ್ಟಿಕೊಂಡಿತ್ತು. ಅಲ್ಲಿಂದ ಹೊರಹೋಗಬೇಕಾದ ನೀರು ಮನೆಯೊಳಗೆ, ಕಾಲು ಇಳಿಬಿಟ್ಟು ನೇಯುವ ಮಗ್ಗದ ಕುಣಿಗೆ ಇಳಿದಿತ್ತು. ಇನ್ನೊಂದು ಮಳೆ ಬಿದ್ದರೆ ಅರ್ಧ ನೇಯ್ದ ಸೀರೆಯೂ ಹಾಳಾಗುತ್ತಿತ್ತು.

"ಯಾರದು?" ಎಂದು ಗದರಿಸಿದೆ.

"ನಾನವಾ," ಎಂದರು ಪಕ್ಕದ ಮನೆಯ ಮಾಬೂಬಿ ಚಾಚಿ. "ಅಮಾಸಿ ನಿನ್ನೇನ ಮುಗೀತು, ಇವತ್ತೂ ನಿನ್ನ ಮಗ್ಗದ ಸಪ್ಪಳಿಲ್ಲ. ಕುಣ್ಯಾಗ ನೀರ ಹೊಕ್ಕಾವ ಅಂತ ತಿಳೀತು. ನೀ ಬಿಡು, ನಾ ಜಗ್ಗತೀನಿ."

ಗಜೇಂದ್ರಗಡದ ನಮ್ಮ ಓಣಿಯಲ್ಲಿ ಅಮಾವಾಸ್ಯೆಗೆ ಯಾರೂ ನೇಯುವುದಿಲ್ಲ. ಮರುದಿನದ ಮೌನವನ್ನೂ ಚಾಚಿ ಕಿವಿಗೊಟ್ಟು ಕೇಳಿದ್ದರು.

ನಾನು ಕೈ ಬಿಟ್ಟೆ. ಬಳ್ಳಿ ಬೇರುಸಮೇತ ಆಚೆ ಹೋಯಿತು. ಅದರ ಬೆನ್ನಿಗೇ ಕೆಸರು ನೀರು ನುಗ್ಗಿ, ಅವರ ಅಂಗಳ ದಾಟಿ ಗಟಾರಕ್ಕೆ ಹರಿಯಿತು. ಸಂಜೆಯೊಳಗೆ ಇಡೀ ಹಿತ್ತಲನ್ನು ಹಸನು ಮಾಡಿದೆ.

ಕುಣಿ ಒಣಗಿದ ದಿನ ಮಗ್ಗಕ್ಕೆ ಕೂತು, ಮೊದಲ ಹೊಡೆತವನ್ನು ಬೇಕೆಂದೇ ಜೋರಾಗಿ ಹೊಡೆದೆ. ಅದು ಗೋಡೆಯಾಚೆ ಕೇಳಬೇಕಿತ್ತು.