ಅಮ್ಮನ ಹುಳು, ಊರಿನ ಮದ್ದು

ಹಿಮೋಗ್ಲೋಬಿನ್ ಆರು.

ಹೊನ್ನಾವರದ ಡಾಕ್ಟರಮ್ಮ ಆ ರಿಪೋರ್ಟನ್ನು ಮೇಜಿನ ಮೇಲೆ ನನ್ನ ಕಡೆಗೆ ತಿರುಗಿಸಿಟ್ಟರು. ಅಮ್ಮನ ಗರ್ಭಕೋಶ ಜಾರಿ ಎರಡು ಮಳೆಗಾಲಗಳು ಕಳೆದಿದ್ದವು. ಕುಳಿತರೆ ನೋವು, ನಿಂತರೆ ಭಾರ, ಕೆಮ್ಮಿದರೆ ಸೀರೆ ಒದ್ದೆ. ಶಾಲೆಯಲ್ಲಿ ಕನ್ನಡ ಕಲಿಸುತ್ತಿದ್ದ ನಾನು ಸ್ವಯಂನಿವೃತ್ತಿ ಪಡೆದು ಮನೆಗೆ ಬಂದದ್ದೇ ಅವಳನ್ನು ಆಪರೇಷನ್ನಿಗೆ ಒಪ್ಪಿಸಲು. ಒಪ್ಪಿದಳು. ಈಗ ಡಾಕ್ಟರು ಒಪ್ಪುತ್ತಿಲ್ಲ.

“ಹತ್ತಕ್ಕೆ ಬಾರದೆ ಅನೀಸ್ತೀಸಿಯಾ ಕೊಡುವ ಹಾಗಿಲ್ಲ” ಎಂದರು.

ರಕ್ತ ಕೊಟ್ಟು ಮಾಡಬಹುದಲ್ಲವೇ ಎಂದು ಕೇಳಿದೆ. ಕುಡಿಯುವವರು ಒಳಗೇ ಕುಳಿತಿರುವಾಗ ಎಷ್ಟು ಕೊಟ್ಟರೂ ಅಷ್ಟೇ ಎಂದು ಸ್ಟೂಲ್ ಟೆಸ್ಟಿನ ಚೀಟಿಯನ್ನು ಮುಂದಿಟ್ಟರು. ಹುಕ್‌ವರ್ಮ್. ಕರುಳಿನ ಗೋಡೆಗೆ ಹಲ್ಲೂರಿ ರಕ್ತ ಹೀರುವ, ದಾರದ ತುಂಡಿನಂಥ ಹುಳು. ಅಮ್ಮ ಕೆಲವು ತಿಂಗಳುಗಳಿಂದ ಕೇರುವಾಗ ಗೆರಸಿಯಲ್ಲಿದ್ದ ಅಕ್ಕಿಯನ್ನು ಹಸಿಯಾಗಿಯೇ ಬಾಯಿಗೆ ಹಾಕಿಕೊಳ್ಳುತ್ತಿದ್ದುದೂ, ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಿದ್ದುದೂ ರಕ್ತಹೀನತೆಯ ಲಕ್ಷಣಗಳೇ ಆಗಿದ್ದವು. ಹುಳು ಸಾಯಲು ಆಲ್ಬೆಂಡಜೋಲ್ ಮಾತ್ರೆ, ರಕ್ತ ಹೆಚ್ಚಲು ಐರನ್ ಮಾತ್ರೆ ಬರೆದುಕೊಟ್ಟರು. ಮುಂದಿನ ಮಳೆಗಾಲ ಹಿಡಿಯುವುದರೊಳಗೆ ಆಪರೇಷನ್ ಮುಗಿಯಬೇಕೆಂದೂ, ತಡವಾದಷ್ಟೂ ಮೂತ್ರಕೋಶಕ್ಕೆ ಅಪಾಯವೆಂದೂ ಎಚ್ಚರಿಸಿದರು.

ಮಾತ್ರೆ ನುಂಗುವುದು ಎಷ್ಟರ ಕೆಲಸ? ಹಾಗೆಂದು ನಾನು ತಿಳಿದಿದ್ದೆ. ಕುಮಟೆಯ ಕಡಲಂಚಿನ ಒಂದು ಊರಿನಲ್ಲಿ ಒಬ್ಬರ ಹೊಟ್ಟೆಯ ಹುಳು ಇಡೀ ಕೇರಿಯ ಸ್ವತ್ತಾಗುತ್ತದೆ ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.

ಮೊದಲನೆಯದು ಅಮ್ಮನದೇ ಮದ್ದು. ಬೆಳಿಗ್ಗೆ ಬರಿಹೊಟ್ಟೆಗೆ ಒಂದು ಉಂಡೆ ಬೆಲ್ಲ ತಿಂದು ಎಡಮಗ್ಗುಲಾಗಿ ಮಲಗುವುದು. ಬೆಲ್ಲದ ವಾಸನೆಗೆ ಹುಳುಗಳೆಲ್ಲ ಒಂದೆಡೆ ಸೇರುತ್ತವಂತೆ. ಅವು ಸೇರಿದ ಮೇಲೆ ವಾಯುವಿಳಂಗದ ಪುಡಿಯನ್ನು ಮಜ್ಜಿಗೆಯಲ್ಲಿ ಕದಡಿ ಕುಡಿಯುವುದು. ಅವು ಸೇರಿದವೆಂದು ತಿಳಿಯುವುದು ಹೇಗೆ ಎಂದು ಕೇಳಿದೆ. ಹೊಟ್ಟೆ ಹೇಳುತ್ತದೆ ಎಂದಳು.

ಪಕ್ಕದ ಮನೆಯ ರುಕ್ಮಾಬಾಯಿ ಕೊಂಕಣಿಯವರು. ಅಮ್ಮನ ಹಳೆಯ ಗೆಳತಿ. ಅವರು ದಾಳಿಂಬೆ ಬೇರಿನ ತೊಗಟೆಯ ಕಷಾಯವನ್ನು ತಂಬಿಗೆಯಲ್ಲಿ ತಂದರು. ಅದನ್ನು ಕುಡಿದ ಅಮ್ಮ ಮಧ್ಯಾಹ್ನದವರೆಗೆ ವಾಂತಿ ಮಾಡಿದಳು. ವಾಂತಿಯಾದರೆ ಮದ್ದು ಹತ್ತಿದೆಯೆಂದೇ ಅರ್ಥ ಎಂದು ಸಾರಿದ ರುಕ್ಮಾಬಾಯಿ, ಮರುದಿನ ಹರಳೆಣ್ಣೆಯನ್ನೂ ಕುಡಿಸಿದರು. ಇದ್ದ ಶಕ್ತಿಯೂ ಹೋಯಿತು. ಭಟ್ಕಳದಲ್ಲಿರುವ ತಮ್ಮ ಗಣಪತಿಗೆ ಸುದ್ದಿ ಮುಟ್ಟಿದ್ದೇ ತಡ, ತನ್ನ ಪಕ್ಕದ ನವಾಯತ ಮುಸ್ಲಿಮರ ಮನೆಯ ಅಜ್ಜಿ ಹೇಳಿದ್ದೆಂದು ಒಣಗಿಸಿದ ಪಪ್ಪಾಯಿ ಬೀಜ, ಒಂದು ಶೀಸೆ ಜೇನುತುಪ್ಪವನ್ನು ಬಸ್ಸಿನ ಕಂಡಕ್ಟರನ ಕೈಯಲ್ಲಿ ಕಳುಹಿಸಿದ. ಪ್ರಮಾಣವೆಷ್ಟೆಂದು ಫೋನಿನಲ್ಲಿ ವಿಚಾರಿಸಿದೆ.

“ಒಂದು ಹಿಡಿ ಅಕ್ಕಾ.”

“ಯಾರ ಹಿಡಿ?”

“ಎಂತದೇ ಮಾರಾಯ್ತಿ, ಇದೆಂತ ಪರೀಕ್ಷೆಯಾ?”

ಬೆಳ್ಳುಳ್ಳಿ, ಓಮ, ಕಹಿಬೇವು, ಹಾಗಲದ ಎಲೆ. ಕೊಡುವವರು ಬಹಳ, ಅಳತೆ ಬಲ್ಲವರು ಯಾರೂ ಇಲ್ಲ. ಪ್ರತಿಯೊಂದಕ್ಕೂ ಬೇರೆ ಬೇರೆ ಪಥ್ಯ. ಒಬ್ಬರು ಬೆಲ್ಲ ತಿನ್ನೆಂದರೆ ಇನ್ನೊಬ್ಬರು ಸಿಹಿಯನ್ನು ಮುಟ್ಟಬೇಡವೆಂದರು. ಎಲ್ಲರೂ ಏಕಕಂಠದಿಂದ ಹೇಳಿದ್ದು ಒಂದೇ ಮಾತು: ಮದ್ದು ನಡೆಯುವಾಗ ಇಂಗ್ಲಿಷ್ ಮಾತ್ರೆ ಕೂಡದು.

“ಮಾತ್ರೆ ಉಷ್ಣ. ನಮ್ಮ ಮದ್ದು ಮುಗೀಲಿ, ಕಡೀಗೆ ನೋಡ್ವ” ಎಂದಳು ಅಮ್ಮ.

ಮದ್ದು ಮುಗಿಯಲೇ ಇಲ್ಲ. ಒಂದು ಮುಗಿಯುವುದರೊಳಗೆ ಇನ್ನೊಂದು ಅಂಗಳಕ್ಕೆ ಬರುತ್ತಿತ್ತು. ನಾನು ಜಗಳವಾಡಿದೆ. ಉಣ್ಣದೆ ಕುಳಿತೆ. ಕೊನೆಗೆ ಐರನ್ ಮಾತ್ರೆಯನ್ನಾದರೂ ನುಂಗಲು ಒಪ್ಪಿದಳು. ಐರನ್ ತಿಂದರೆ ಮಲ ಕಪ್ಪಾಗುತ್ತದೆ. ಅದು ಮಾತ್ರೆಯ ಗುಣ. ಆದರೆ ಕೆಲವೇ ದಿನಗಳಲ್ಲಿ ಅಮ್ಮ ಹಿತ್ತಲಿನಿಂದ ಗೆದ್ದವಳಂತೆ ಬಂದಳು.

“ಸತ್ತು ಹೋದ್ವು. ಕಪ್ಪಗೆ ಬಂತು. ಪಪ್ಪಾಯಿ ಬೀಜವೇ ಸೈ. ಇನ್ನೆಂತಕ್ಕೆ ಮಾತ್ರೆ?”

ರುಕ್ಮಾಬಾಯಿ ಅದು ದಾಳಿಂಬೆಯ ತೊಗಟೆಯದೇ ಗುಣವೆಂದರು. ಗೆಳತಿಯರಿಬ್ಬರಿಗೂ ಅದರ ಮೇಲೆಯೇ ಮುನಿಸಾಯಿತು. ಐರನ್ ಮಾತ್ರೆಗೆ ಸಲ್ಲಬೇಕಾದ ಕೀರ್ತಿಯ ಬಗ್ಗೆ ನಾನಾಡಿದ ಮಾತು ಯಾರ ಕಿವಿಗೂ ಬೀಳಲಿಲ್ಲ. ಆ ದಿನದಿಂದ ಅದೂ ನಿಂತಿತು.

ದೀಪಾವಳಿಯ ಹೊತ್ತಿಗೆ ಅಮ್ಮನ ಮುಖ ಊದಿಕೊಂಡಿತು. ಬಚ್ಚಲಿನಲ್ಲಿ ಕುಸಿದಳು.

ಹೊನ್ನಾವರಕ್ಕೆ ಹೊತ್ತೊಯ್ದೆವು. ಹಿಮೋಗ್ಲೋಬಿನ್ ಆರಕ್ಕಿಂತ ಕೆಳಗಿಳಿದಿತ್ತು. ಡಾಕ್ಟರಮ್ಮ ಬೈಯಲಿಲ್ಲ. ಪಪ್ಪಾಯಿ ಬೀಜ ತಿಂದದ್ದರಲ್ಲಿ ತಪ್ಪಿಲ್ಲ, ಮಾತ್ರೆ ಬಿಟ್ಟು ತಿಂದದ್ದು ತಪ್ಪು ಎಂದರಷ್ಟೆ. ನರ್ಸ್ ಎದುರಿಗೇ ನಿಂತು ಆಲ್ಬೆಂಡಜೋಲ್ ನುಂಗಿಸಿದಳು. ಎರಡು ಬಾಟಲಿ ರಕ್ತವನ್ನೂ ಏರಿಸಿದರು. ಅಮ್ಮ ಮನೆಗೆ ಬಂದಾಗ ತುಟಿಗೆ ಬಣ್ಣ ಬಂದಿತ್ತು. ಐರನ್ ಮಾತ್ರೆಯನ್ನು ದಿನವೂ ನಾನೇ ಕೈಗೆ ಕೊಟ್ಟು, ನುಂಗಿದ ಮೇಲೆ ಬಾಯಿ ತೆರೆಸಿ ನೋಡುತ್ತಿದ್ದೆ. ಎಂಟು ದಾಟಿತು. ಒಂಬತ್ತರ ಸಮೀಪಕ್ಕೆ ಬಂತು.

ಸಂಕ್ರಾಂತಿ ಕಳೆದು ಪರೀಕ್ಷಿಸಿದರೆ ಏಳಕ್ಕೆ ಇಳಿದಿತ್ತು. ಸ್ಟೂಲ್ ಟೆಸ್ಟಿನಲ್ಲಿ ಮತ್ತೆ ಹುಕ್‌ವರ್ಮ್.

ಈ ಸಲ ನನಗೆ ಬಂದ ಸಿಟ್ಟಿಗೆ ಗುರಿಯೇ ಇರಲಿಲ್ಲ. ಮಾತ್ರೆ ತಪ್ಪಿರಲಿಲ್ಲ, ಕಷಾಯ ಒಳಗೆ ಬಂದಿರಲಿಲ್ಲ. ತಪ್ಪು ಎಲ್ಲಿದೆ? ಡಾಕ್ಟರಮ್ಮ ಅಮ್ಮನ ಸೀರೆಯ ಅಂಚನ್ನು ಸ್ವಲ್ಪ ಮೇಲೆತ್ತಿ ಪಾದಗಳನ್ನು ನೋಡಿದರು. ಬೆರಳುಗಳ ಸಂದಿನಲ್ಲಿ ಕೆಂಪು ಗುಳ್ಳೆಗಳಿದ್ದವು.

“ಈ ತುರಿ ಯಾವಾಗಿನಿಂದ?”

“ಅದು ಈರುಳ್ಳಿ ತುರಿ. ವರ್ಷಾ ಬತ್ತದೆ, ಹೋಗ್ತದೆ” ಎಂದಳು ಅಮ್ಮ.

“ಯಾರಿಗೆಲ್ಲ ಬರುತ್ತದೆ?”

“ಈರುಳ್ಳಿ ಮಾಡೂ ಎಲ್ಲರಿಗೂ.”

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. “ಹುಳು ಬಾಯಿಂದ ಹೋದದ್ದಲ್ಲ ಅಮ್ಮಾ. ಪಾದದಿಂದ ಹೋದದ್ದು.”

ಪಾದದಿಂದ.

ಭತ್ತದ ಕೊಯ್ಲು ಮುಗಿದ ಮೇಲೆ ನಮ್ಮ ಕಡೆಯ ಮರಳುಮಣ್ಣಿನಲ್ಲಿ ಈರುಳ್ಳಿ ಮಡಿಗಳನ್ನು ಮಾಡುತ್ತಾರೆ. ದಿನಕ್ಕೆರಡು ಬಾರಿ ನೀರೆರೆಯಬೇಕು; ಮಣ್ಣು ಒಣಗುವುದೇ ಇಲ್ಲ. ರಕ್ತ ಏರಿಸಿಕೊಂಡು ಬಂದ ಮೇಲೂ ಅಮ್ಮ ಆ ಕೆಲಸವನ್ನು ಬಿಟ್ಟಿರಲಿಲ್ಲ. ಮಡಿಗಳ ಆಚೆ ಗಾಳಿಮರಗಳ ತೋಪು. ಮನೆಯಲ್ಲಿ ಪಾಯಿಖಾನೆ ಇಲ್ಲದವರೆಲ್ಲ ಬೆಳಗಾದರೆ ಹೋಗುವುದು ಅಲ್ಲಿಗೆ. ಮಳೆಗಾಲದಲ್ಲಿ ಆ ತೋಪಿನ ನೀರು ನಮ್ಮ ನೆಲದ ಮೇಲೆಯೇ ಹರಿಯುತ್ತದೆ. ಆ ಒದ್ದೆ ಮರಳಿನಲ್ಲಿ ಹುಳುವಿನ ಮರಿಗಳು ಕಾದು ಕುಳಿತು, ಬರಿಗಾಲಿನ ಚರ್ಮವನ್ನು ತೂರಿ ಒಳಗೆ ಹೋಗುತ್ತವೆ. ಬಾಯಿಯ ದಾರಿಯನ್ನು ನಾವೆಲ್ಲರೂ ಅಷ್ಟು ಕಟ್ಟುನಿಟ್ಟಾಗಿ ಕಾದಿದ್ದೆವು.

ಹಾಗಾದರೆ ಕಾಲಿಗೆ ಏನಾದರೂ ಹಾಕಿಕೊಂಡರೆ ಸಾಕು ಎಂದು ಓದುಗರು ಹೇಳಬಹುದು. ಓದುಗರಿಗೆ ನಮ್ಮ ಊರು ಗೊತ್ತಿಲ್ಲ. ಈರುಳ್ಳಿ ಮಡಿಯೊಳಗೆ ಮೆಟ್ಟು ಹಾಕಿಕೊಂಡು ಯಾರೂ ಇಳಿಯುವುದಿಲ್ಲ. ಕೂಲಿಗೆ ಬರುವ ಹೆಂಗಸರು ಚಪ್ಪಲಿಯನ್ನು ಬೇಲಿಯ ಹೊರಗೇ ಬಿಡುತ್ತಾರೆ. ಬೆಲೆ ಕಟ್ಟಲು ಪೇಟೆಯಿಂದ ಬರುವ ವ್ಯಾಪಾರಿಯೂ ಬಿಡುತ್ತಾನೆ. ತದಡಿ ಬಂದರಿನಲ್ಲಿ ಮೀನು ಹೊರುವವರು ತೊಡುವಂಥ ರಬ್ಬರ್ ಬೂಟುಗಳನ್ನು ನಾನು ಕುಮಟೆಯ ಪೇಟೆಯಿಂದ ತಂದಿಟ್ಟಾಗ ಅಮ್ಮ ಅವುಗಳನ್ನು ಕಾಲಿನಿಂದಲೂ ಮುಟ್ಟಲಿಲ್ಲ.

“ಅನ್ನ ಕೊಡೂ ಮಣ್ಣು ಅದು. ಮೆಟ್ಟು ಹಾಕ್ಕಂಡಿ ತುಳಿಯೂದಾ? ಅದಕ್ಕಿಂತ ಹುಳವೇ ಇರಲಿ.”

ಆಪರೇಷನ್? ಇರುವಷ್ಟು ದಿನ ಹೀಗೇ ಇರುತ್ತೇನೆ ಎಂದಳು. ನಾನು ಚಿತ್ರ ಬರೆದು ವಿವರಿಸಿದೆ. ಕಾರಣ, ಪರಿಣಾಮ, ಪರಿಹಾರ ಎಂದು ವಿಂಗಡಿಸಿ ಹೇಳಿದೆ. ಎಲ್ಲವನ್ನೂ ಕೇಳಿ, ಗಂಟಲು ಒಣಗಿರಬೇಕು, ನೀರು ಕುಡಿ ಎಂದಳು.

ಮರುದಿನ ಬೆಳಿಗ್ಗೆ ಆ ಬೂಟುಗಳನ್ನು ನಾನೇ ತೊಟ್ಟು, ಅವಳನ್ನು ಬೇಲಿಯ ಹೊರಗೆ ಕಲ್ಲಿನ ಮೇಲೆ ಕೂರಿಸಿ, ಕೊಡ ಹಿಡಿದು ಮಡಿಗೆ ಇಳಿದೆ. ನನಗೆ ಆ ಕೆಲಸ ಬಾರದು. ಸಾಲುಗಳ ನಡುವೆ ಅಂಗೈಯಗಲ ಜಾಗ. ಬೂಟು ಅದಕ್ಕಿಂತ ದೊಡ್ಡದು. ಮೊದಲ ಮಡಿಯಲ್ಲೇ ಹಲವು ಗಿಡಗಳು ಮುರಿದವು.

“ಬಲಬದಿಗೆ. ಬಲಬದಿಗೆ ಹೇಳಿದ್ದು. ಕೋಣ ಹೊಕ್ಕ ಹಾಂಗೆ ಆತಲ್ಲೆ” ಎಂದಳು ಅಮ್ಮ.

ನಾನು ಎರಡನೆಯ ಮಡಿಗೆ ಹೋದೆ.

“ಶಾಲೆ ಮಕ್ಕಳ ಸಾಲು ನೆಟ್ಟಗೆ ನಿಲ್ಸೂಳಂತೆ. ಈ ಸಾಲು ನೋಡು, ದೇವರೇ.”

ಮೂರನೆಯ ಮಡಿಯ ಅಂಚಿನಲ್ಲಿ ನಾನು ಜಾರಿ, ಕೊಡದ ನೀರೆಲ್ಲ ಒಂದೇ ಕಡೆ ಬಿದ್ದು, ಗಿಡಗಳ ಬುಡ ಕೊಚ್ಚಿಹೋಯಿತು. ಅಮ್ಮ ಎದ್ದು ನಿಂತಳು.

“ಬಿಚ್ಚು ಅದ್ನ. ಇತ್ಲಾಗೆ ಕೊಡು.”

ಬೂಟು ಅವಳಿಗೆ ದೊಡ್ಡದಾಯಿತು. ತುದಿಗೆ ಹಳೆಯ ಬಟ್ಟೆ ತುರುಕಿಕೊಟ್ಟೆ. ಇಳಿಯುವ ಮೊದಲು ಬಗ್ಗಿ ಮಣ್ಣನ್ನು ಮುಟ್ಟಿ ಕಣ್ಣಿಗೊತ್ತಿಕೊಂಡಳು; ಏನನ್ನೋ ಹೇಳಿಕೊಂಡಳು, ನನಗೆ ಕೇಳಿಸಲಿಲ್ಲ. ಆಮೇಲೆ ಆ ಭಾರದ ಬೂಟುಗಳಲ್ಲೇ ಒಂದು ಗಿಡವೂ ತಾಗದಂತೆ ಸಾಲಿನ ನಡುವೆ ಹೆಜ್ಜೆಯಿಟ್ಟಳು. ಅಂದಿನಿಂದ ಕೊಡವನ್ನು ಬೇಲಿಯವರೆಗೆ ಹೊರುವುದು ನನ್ನ ಕೆಲಸ, ತಂಬಿಗೆಯಲ್ಲಿ ಎರೆಯುವುದು ಅವಳದು. ಕೇರಿಯವರು ನಕ್ಕರು. ರುಕ್ಮಾಬಾಯಿ ಮುನಿಸು ಮರೆತು ಬಂದು, ಪೊಲೀಸಿನವರು ಬಂದಿದ್ದಾರೆಂದುಕೊಂಡೆ ಎಂದರು.

ಆಲ್ಬೆಂಡಜೋಲ್ ಮತ್ತೆ ಕೊಟ್ಟರು. ಈರುಳ್ಳಿ ಕಿತ್ತು, ಮಾರಲು ಅದರ ಒಣಗಿದ ಎಲೆಗಳನ್ನು ಜಡೆ ಹೆಣೆಯುವ ಹೊತ್ತಿಗೆ ಹಿಮೋಗ್ಲೋಬಿನ್ ಹತ್ತನ್ನು ಮುಟ್ಟಿತು. ಮಳೆ ಹಿಡಿಯುವ ಮುನ್ನವೇ ಆಪರೇಷನ್ ಆಯಿತು.

ಹುಳು ಹೋಯಿತೆಂದು ನಾನು ಬರೆಯಲಾರೆ. ಮಣ್ಣು ಅದೇ, ತೋಪು ಅದೇ. ಆರು ತಿಂಗಳಿಗೊಮ್ಮೆ ಪರೀಕ್ಷೆ ಮಾಡಿಸಿರೆಂದು ಡಾಕ್ಟರಮ್ಮ ಹೇಳಿದ್ದಾರೆ. ಆದರೂ ಅವರಿಗೆ ನಾನು ಋಣಿ. ಪಾದವನ್ನು ನೋಡಿದವರು ಅವರೊಬ್ಬರೇ.

ನಿನ್ನೆ ಮಧ್ಯಾಹ್ನ ಗಂಜಿಯೊಡನೆ ಹಸಿ ಈರುಳ್ಳಿ ಕಡಿದ ಅಮ್ಮ ಮುಖ ಸಿಂಡರಿಸಿದಳು.

“ಈ ವರ್ಷದ್ದಕ್ಕೆ ರುಚಿ ಇಲ್ಲ. ಮಣ್ಣಿಗೆ ಸಿಟ್ಟು ಬಂದದೆ.”

ನನ್ನ ನಾಲಗೆಗೆ ಅದು ಎಂದಿನಷ್ಟೇ ಸಿಹಿಯಾಗಿತ್ತು. ವಾದಕ್ಕೆ ಬಾಯಿ ತೆರೆದೆ. ಅಷ್ಟರಲ್ಲಿ ಅಮ್ಮ ಬಟ್ಟಲನ್ನು ಎತ್ತಿಕೊಂಡು, ನೆಲಕ್ಕೆ ಕೈಯೂರದೆ, ನರಳದೆ, ಕುಳಿತಲ್ಲಿಂದ ಎದ್ದು ಬಚ್ಚಲಿನ ಕಡೆಗೆ ನಡೆದಳು. ನಾನು ಇನ್ನೊಂದು ಈರುಳ್ಳಿಯನ್ನು ತೆಗೆದುಕೊಂಡೆ.