ಮುಯ್ಯಾಳಿಗೆ ಕೊಟ್ಟ ಗುರಾಣಿ

ನಮ್ಮ ಮನೆಯಲ್ಲಿ ಯಾರ ಹೆಸರಿನಲ್ಲೂ ಏನೂ ಇರಲಿಲ್ಲ. ಅಪ್ಪ ಅಮ್ಮ ಕೊಪ್ಪದ ಹತ್ತಿರದ ನಮ್ಮೂರು ನಾರ್ವೆಯ ತೋಟಗಳಿಗೆ ಕೂಲಿಗೆ ಹೋದವರು. ಬಾಳಗಡಿಯ ಕಾಲೇಜಿನಲ್ಲಿ ಓದಿ ನಾನು ತಂದ ಡಿಗ್ರಿ ಸರ್ಟಿಫಿಕೇಟೇ ನಮ್ಮ ಕುಟುಂಬದ ಮೊದಲ ಆಸ್ತಿ. ಎರಡನೆಯದು ಮೊಬೈಲ್ ಗೇಮಿನ ಒಂದು ಗುರಾಣಿ. ನಗುವವರು ನಗಲಿ.

ಶೃಂಗೇರಿಯ ಲಾಡ್ಜೊಂದರ ಕೌಂಟರಿನಲ್ಲಿ ನನ್ನ ಕೆಲಸ. ಯಾತ್ರಿಕರು ಕಡಿಮೆಯಿದ್ದ ಮಧ್ಯಾಹ್ನಗಳಲ್ಲಿ ಆಡುತ್ತಿದ್ದೆ. ನಾರ್ವೆಯ ಪಕ್ಕದ ಮನೆಯ ಗೆಳೆಯ ಊರಿನಿಂದಲೇ ಜೊತೆಗೂಡುತ್ತಿದ್ದ. ನಮ್ಮೆರಡು ಮನೆಗಳ ನಡುವೆ ಮುಯ್ಯಾಳು ನಡೆಯುತ್ತಿತ್ತು: ಅವರ ಮನೆಯ ಮಾಡಿನ ಹೆಂಚು ಕೈಯಾಡಿಸಿ ಸರಿಮಾಡಲು ನಾವು, ನಮ್ಮ ಸೌದೆ ಹೊರಲು ಅವರು, ಕೂಲಿಯ ಮಾತಿಲ್ಲ. ಗೇಮಿನಲ್ಲೂ ಹಾಗೆಯೇ. ಬೇಕಾದವನು ಇನ್ನೊಬ್ಬನ ಕತ್ತಿ ಒಯ್ದು, ಕಾಳಗ ಮುಗಿದ ಮೇಲೆ ವಾಪಸು ಕೊಡುತ್ತಿದ್ದ. ಮಾರಲು ಬರುತ್ತಿರಲಿಲ್ಲವಲ್ಲ, ಇಟ್ಟುಕೊಂಡು ಮಾಡುವುದೇನು?

ಆಮೇಲೆ ಗೇಮಿನವರು, ಯಾವುದು ಯಾರದೆಂದು ಯಾರೂ ತಿದ್ದಲಾಗದಂತೆ ಬರೆದಿಡುವ ಬ್ಲಾಕ್‌ಚೈನ್ ತಂದರು. ಇನ್ನು ನೀವು ಗೆದ್ದದ್ದು ನಿಜವಾಗಿ ನಿಮ್ಮದೇ, ನಾವೂ ಕಿತ್ತುಕೊಳ್ಳಲಾರೆವು, ಬೇಕಾದರೆ ಮಾರಿಕೊಳ್ಳಿ ಎಂದರು. ಮಳೆಗಾಲವಿಡೀ ಆಡಿ ಗೆದ್ದ ಗುರಾಣಿ ನನ್ನ ಹೆಸರಿಗೆ ಬಂದಾಗ ಅಮ್ಮನಿಗೆ ತೋರಿಸಿದೆ.

“ಇದ್ರಲ್ಲಿ ಎಂತ ಮಾಡ್ತಾರೆ?” ಎಂದಳು.

“ಎಂತದೂ ಇಲ್ಲ. ನಂದು, ಅಷ್ಟೆ.”

ಗೆಳೆಯ ಒಂದು ಕಾಳಗಕ್ಕೆ ಗುರಾಣಿ ಕೇಳಿದ. ಎಂದಿನಂತೆ ಕೊಟ್ಟೆ. ಹೊಸ ಏರ್ಪಾಡಿನಲ್ಲಿ ಎರವಲು ಎಂಬುದೇ ಇರಲಿಲ್ಲ. ಕೊಟ್ಟರೆ ಒಡೆಯನ ಹೆಸರೇ ಬದಲು. ಆದರೂ ನಾನು ಹೆದರಲಿಲ್ಲ, ಕೊಟ್ಟದ್ದು ಅವನಿಗೆ ತಾನೆ.

ವಾರ ಕಳೆದರೂ ಅದು ವಾಪಸು ಬರಲಿಲ್ಲ. ಕೊಪ್ಪದ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಾಗ ಕೇಳಿದೆ.

“ಅದನ್ನ ಮಾರ್ದೆ ಮಾರಾಯ. ಒಳ್ಳೆ ರೇಟು ಬಂತು.”

“ಅದು ನಂದಲ್ವಾ?”

“ಯಾರ ಹೆಸರಲ್ಲಿತ್ತು ಅಂತ ನೋಡು. ಡಿಗ್ರಿ ಓದಿದವ ನೀನು, ನಾನು ಹೇಳ್ಕೊಡ್ಬೇಕಾ?”

ಗೇಮಿನವರಿಗೆ ಬರೆದೆ. ತಮ್ಮ ಕೈಯಲ್ಲಿ ಏನೂ ಇಲ್ಲ ಎಂದರು. ಕೊಂಡವನು ಎಲ್ಲಿಯವನೋ, ಆಡುವವನೇ ಅಲ್ಲ. ಬೆಲೆ ಏರಲಿ ಎಂದು ಇಟ್ಟುಕೊಂಡಿದ್ದಾನೆ. ಒಂದು ಏಟನ್ನೂ ತಡೆಯದೆ ಕೂತಿದೆ ನನ್ನ ಗುರಾಣಿ. ಈಗ ಆ ಗೇಮಿನಲ್ಲಿ ಯಾರೂ ಯಾರಿಗೂ ಒಂದು ಬಾಣವನ್ನೂ ಕೊಡುವುದಿಲ್ಲ. ಒಡೆತನ ಬಂದು ಆಟ ಉದ್ಧಾರವಾಯಿತು ಎಂದು ವಿಡಿಯೋಗಳಲ್ಲಿ ಭಾಷಣ ಮಾಡುವವರು ಯಾರ ಜೊತೆಗಾದರೂ ಆಡಿದ್ದಾರೋ ಇಲ್ಲವೋ.

ಮೊನ್ನೆ ಗೆಳೆಯ ಲಾಡ್ಜಿಗೇ ಬಂದ. “ಬೇರೆ ಗೇಮ್ ಹಾಕ್ಕೊಂಡಿದೀನಿ. ಫೋನ್ ಕೊಡು, ನಿಂಗೂ ಹಾಕ್ಕೊಡ್ತೀನಿ” ಎಂದು ಕೈ ಚಾಚಿದ.

ಫೋನನ್ನು ಡ್ರಾಯರಿಗೆ ಹಾಕಿ, ಅವನ ಹಿಂದೆ ನಿಂತಿದ್ದ ಯಾತ್ರಿಕರನ್ನು ಮುಂದೆ ಕರೆದೆ.